ಸರ್ಕಾರ ಕೊಳ್ಳುವ ಪ್ರತಿ ಕಂಪ್ಯೂಟರ್‌ನಲ್ಲೂ ಕನ್ನಡ ಕೀಲಿಮಣೆ ತಯಾರಿರಲಿ: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ತಾಲ್ಲೂಕು ಕಚೇರಿಯೊಂದರ ಎದುರು ಡಿ.ಟಿ.ಪಿ. ಮತ್ತು ಜೆರಾಕ್ಸ್ ಅಂಗಡಿ ನಡೆಸುವವನು. ಅರ್ಜಿ, ಅಫಿಡವಿಟ್, ಕ್ರಯಪತ್ರದ ಕರಡು, ಸಂಘದ ನಡಾವಳಿ, ಲಗ್ನಪತ್ರಿಕೆ ಎಲ್ಲವನ್ನೂ ಕನ್ನಡದಲ್ಲಿ ಟೈಪ್ ಮಾಡಿಕೊಡುತ್ತೇನೆ. ನಿಮ್ಮ ಹತ್ತಿರ ಕೇಳಿಕೊಳ್ಳುವುದು ಒಂದೇ. ಸರ್ಕಾರದ ದುಡ್ಡಿನಲ್ಲಿ ಕೊಳ್ಳುವ ಪ್ರತಿ ಡೆಸ್ಕ್‌ಟಾಪ್‌ನಲ್ಲೂ, ಸ್ವಿಚ್ ಹಾಕಿದ ಕೂಡಲೇ ಕನ್ನಡ ಟೈಪ್ ಮಾಡುವ ಹಾಗಿರಲಿ. ಟೈಪ್ ಮಾಡಿದ್ದು ಯೂನಿಕೋಡ್‌ನಲ್ಲೇ, ಅಂದರೆ ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಸಂಕೇತ ಇರುವ ಪದ್ಧತಿಯಲ್ಲೇ, ಉಳಿಯಲಿ.

ಈ ಕಾಲದಲ್ಲೂ ಇದನ್ನು ಕೇಳಬೇಕಾ ಅಂತ ನಿಮಗೆ ಅನ್ನಿಸಬಹುದು. ಕೇಳಲೇಬೇಕಾಗಿದೆ. ನನ್ನ ಅಂಗಡಿಗೆ ಬರುವ ಹುಡುಗ ಹುಡುಗಿಯರು ಫೋನಿನಲ್ಲಿ ಎರಡು ಹೆಬ್ಬೆರಳಲ್ಲಿ ಸರಸರ ಕನ್ನಡ ಬರೆಯುತ್ತಾರೆ. ಅವರನ್ನೇ ಕಂಪ್ಯೂಟರ್ ಮುಂದೆ ಕೂರಿಸಿ, ನಾಲ್ಕು ಸಾಲಿನ ಅರ್ಜಿ ಟೈಪ್ ಮಾಡಿ ಅನ್ನಿ, ಕೈ ನಿಂತುಹೋಗುತ್ತದೆ. ಕಚೇರಿಗಳಲ್ಲೂ ಇದೇ ಕಥೆ. ಗುಮಾಸ್ತರು ಪತ್ರವನ್ನು ಮೊದಲು ಫೋನಿಗೆ ಬಾಯಲ್ಲಿ ಹೇಳುತ್ತಾರೆ. ಅದು ಅಕ್ಷರವಾದ ಮೇಲೆ ತಮಗೆ ತಾವೇ ವಾಟ್ಸಾಪ್ ಮಾಡಿಕೊಳ್ಳುತ್ತಾರೆ. ಆಮೇಲೆ ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ತೆರೆದು, ಅಲ್ಲಿಂದ ಕಾಪಿ ಮಾಡಿ, ವರ್ಡ್‌ನಲ್ಲಿ ಅಂಟಿಸಿ ಪ್ರಿಂಟ್ ಕೊಡುತ್ತಾರೆ. ಕಚೇರಿಯ ಪತ್ರ ಖಾಸಗಿ ಫೋನಿನ ಮೇಲೆ ಹಾದು ಬರಬೇಕು. ಮುಂದೆ ಕೀಲಿಮಣೆ ಇದ್ದೂ ಇಷ್ಟು ಸುತ್ತಬೇಕು ಅಂದರೆ ಆ ಕೀಲಿಮಣೆ ಕನ್ನಡಕ್ಕೆ ಇಲ್ಲ ಅಂತಲೇ ಅರ್ಥ, ಅಲ್ವಾ?

ಫೋನಿನಲ್ಲಿ ಕನ್ನಡ ಸಲೀಸಾಗುವುದಕ್ಕೆ ತಂತ್ರಜ್ಞಾನದ ಜೊತೆಗೆ ನಿಯಮವೂ ಇದೆ. ಭಾರತೀಯ ಮಾನಕ ಬ್ಯೂರೋ 2016ರಲ್ಲಿ ಐಎಸ್ 16333 ಭಾಗ 3 ಅನ್ನುವ ಮಾನದಂಡ ತಂದಿತು. ಭಾರತದಲ್ಲಿ ಮಾರುವ ಮೊಬೈಲ್‌ನಲ್ಲಿ ಸಂವಿಧಾನ ಒಪ್ಪಿದ 22 ಭಾಷೆಗಳನ್ನೂ ಓದಲು ಬರಬೇಕು, ಇಂಗ್ಲಿಷ್ ಮತ್ತು ಹಿಂದಿಯ ಜೊತೆ ಇನ್ನೊಂದು ಭಾರತೀಯ ಭಾಷೆಯಲ್ಲಾದರೂ ಬರೆಯಲು ಬರಬೇಕು ಅಂತ ಅದು ಹೇಳುತ್ತದೆ. ಕೊಳ್ಳುವವರ ಪರವಾಗಿ ಯಾರೋ ಒಬ್ಬರು ಕೂತು ಒಂದು ಷರತ್ತು ಬರೆದರು, ಕಂಪನಿಗಳು ಮಾಡಿಕೊಟ್ಟವು. ಡೆಸ್ಕ್‌ಟಾಪ್ ವಿಷಯದಲ್ಲಿ ಆ ಷರತ್ತನ್ನು ನೀವೇ ಬರೆಯಬಹುದು. ಶಾಲೆ, ಪಂಚಾಯಿತಿ, ನಾಡಕಚೇರಿ, ಗ್ರಂಥಾಲಯ ಎಲ್ಲಕ್ಕೂ ಕಂಪ್ಯೂಟರ್ ಕೊಳ್ಳುವುದು ಸರ್ಕಾರವೇ. ಟೆಂಡರ್‌ನಲ್ಲಿ ರ್‍ಯಾಮ್ ಎಷ್ಟಿರಬೇಕು, ಪರದೆ ಎಷ್ಟು ಇಂಚಿರಬೇಕು ಅಂತ ಬರೆಯುವ ಜಾಗದಲ್ಲಿ ಕನ್ನಡದ ಬಗ್ಗೆ ಇನ್ನೆರಡು ಸಾಲು ಹಿಡಿಯುತ್ತವೆ.

ಸಾಫ್ಟ್‌ವೇರ್ ಇಲ್ಲ ಅನ್ನುವ ಮಾತಂತೂ ಬೇಡ. ಈ ಕೆಲಸಕ್ಕೆ ಜೀವ ತೇಯ್ದವರು ನಮ್ಮಲ್ಲೇ ಇದ್ದಾರೆ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡದ ವರ್ಣಮಾಲೆಯ ಗುಣ ನೋಡಿಕೊಂಡು ಕೀಲಿಮಣೆ ವಿನ್ಯಾಸ ಮಾಡಿದರು. ಶೇಷಾದ್ರಿವಾಸು ಅವರ ಬರಹ ತಂತ್ರಾಂಶ 1998ರಲ್ಲಿ ಬಂತು. ಹೊರದೇಶದಲ್ಲಿದ್ದ ಕನ್ನಡಿಗರೂ ಮನೆಯ ಕಂಪ್ಯೂಟರ್‌ನಲ್ಲಿ ಕನ್ನಡ ಬರೆಯತೊಡಗಿದ್ದು ಅದರಿಂದ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕೆ ನುಡಿ ತಂತ್ರಾಂಶ ಮಾಡಿಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಸರ್ಕಾರದ ಬೆನ್ನು ಬಿದ್ದಿದ್ದು ನಿಮಗೂ ಗೊತ್ತಿರುತ್ತದೆ. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಂಪ್ಯೂಟರ್ ಕನ್ನಡದಲ್ಲೇ ಕೆಲಸ ಮಾಡಬಲ್ಲದು ಅಂತ ದೇಶಕ್ಕೆ ಮೊದಲೇ ತೋರಿಸಿಕೊಟ್ಟ ರಾಜ್ಯ ನಮ್ಮದು.

ಕೆ.ಪಿ. ರಾವ್ ಅವರ ವಿನ್ಯಾಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾವು ಅಂಗಡಿಯವರು ಅದನ್ನು ನುಡಿ ಕೀಬೋರ್ಡ್ ಅನ್ನುತ್ತೇವೆ, ಕನ್ನಡ ಗಣಕ ಪರಿಷತ್ತಿನ ಹೆಸರು ಚಿಕ್ಕದು ಮಾಡಿ ಕಗಪ ಅಂತಲೂ ಕರೆಯುತ್ತಾರೆ. ಇಂಗ್ಲಿಷಿನ ಕೆ ಕೀಲಿ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಜಿ ಒತ್ತಿದರೆ ಗ, ಶಿಫ್ಟ್ ಜೊತೆ ಘ. ಒತ್ತಕ್ಷರ ಬೇಕಾದಾಗ ನಡುವೆ ಎಫ್. ‘ಕನ್ನಡ’ ಅಂತ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ, ಇಷ್ಟೇ. 5 ಸಲ ಒತ್ತಿದರೆ ಮುಗಿಯಿತು. ಅದೇ ಪದವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿಕೊಳ್ಳುವ ಪದ್ಧತಿಯಲ್ಲಿ 7 ಕೀಲಿ ಬೇಕು. ಅಪರೂಪಕ್ಕೆ ಬರೆಯುವವರಿಗೆ ಅದೂ ಸಾಕು. ದಿನಕ್ಕೆ ಹತ್ತು ಪುಟ ಬರೆಯುವ ಗುಮಾಸ್ತರಿಗೆ ಸಾಲದು. ಹೆಚ್ಚು ಒತ್ತಬೇಕು ಅನ್ನುವುದು ಒಂದು. ಪ್ರತಿ ಪದಕ್ಕೂ ಪಟ್ಟಿಯಿಂದ ಸರಿಯಾದದ್ದನ್ನು ಆರಿಸಬೇಕು ಅನ್ನುವುದು ಇನ್ನೊಂದು. ಊರಿನ ಹೆಸರು, ಮನೆತನದ ಹೆಸರು ಬಂದಾಗ ಆ ಪಟ್ಟಿ ಕೈಕೊಡುತ್ತದೆ.

ಕೇಂದ್ರದವರ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಇದೆ, 1986ರಿಂದ ಬಂದದ್ದು. ಅದಕ್ಕೂ ಗೌರವ ಕೊಡುತ್ತೇನೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ, ಎಲ್ಲ ಭಾರತೀಯ ಭಾಷೆಗೂ ಒಂದೇ ಜಾಗ. ಕಲಿತವರು ಅದರಲ್ಲೂ ವೇಗವಾಗಿ ಹೊಡೆಯುತ್ತಾರೆ. ಆದರೆ ಹಿಂದಿಯಲ್ಲಿ ಇಲ್ಲದ, ನಮಗೆ ಸಾಲು ಸಾಲಿಗೂ ಬೇಕಾದ ಹ್ರಸ್ವ ಎ ಮತ್ತು ಒ ಅದರಲ್ಲಿ ಮೂಲೆ ಸೇರಿವೆ. ಒಂದು ಜೆಡ್ ಕೀಲಿಯಲ್ಲಿ, ಇನ್ನೊಂದು ಮೇಲಿನ ಸಾಲಿನ ಎಡತುದಿಯಲ್ಲಿ. ‘ಎಂದು’, ‘ಒಂದು’, ‘ಮನೆ’, ‘ಹೊಲ’ ಅಂತ ಬರೆಯುವಾಗಲೆಲ್ಲ ಕಿರುಬೆರಳು ಅಲ್ಲಿಗೆ ಓಡಬೇಕು. ಹಾಗಾಗಿ ಕರ್ನಾಟಕದ ಕಚೇರಿ, ಶಾಲೆಗಳಿಗೆ ಕಗಪವೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಇನ್‌ಸ್ಕ್ರಿಪ್ಟ್ ಬೇಕಾದವರಿಗೆ ಅದೂ ಒಳಗಿರಲಿ.

ತೊಡಕು ಬರುವುದು ಇಲ್ಲೇ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಬಹಳ ವರ್ಷದಿಂದ ಇದೆ. 2019ರಲ್ಲಿ ಇಂಗ್ಲಿಷ್ ಕಾಗುಣಿತದ ಫೊನೆಟಿಕ್ ಕೀಲಿಮಣೆಯೂ ಬಂತು. ಆದರೆ ಇವೆರಡೂ ಸೆಟ್ಟಿಂಗ್ಸ್ ಒಳಗೆ, ಭಾಷೆಗಳ ಪಟ್ಟಿಯಲ್ಲಿ ಮಲಗಿರುತ್ತವೆ. ಯಾರಾದರೂ ಹೋಗಿ ಎಬ್ಬಿಸಬೇಕು. ಕಗಪ ಬೇಕಾದರೆ ನುಡಿಯನ್ನೋ ಬರಹವನ್ನೋ ಬೇರೆಯಾಗಿ ಹಾಕಿಕೊಳ್ಳಬೇಕು. ಕಚೇರಿಯ ಕಂಪ್ಯೂಟರ್‌ಗಳಲ್ಲಿ ಹೊಸ ಸಾಫ್ಟ್‌ವೇರ್ ಹಾಕಲು ಸಿಬ್ಬಂದಿಗೆ ಅನುಮತಿ ಇರುವುದಿಲ್ಲ. ಪಾಸ್‌ವರ್ಡ್ ಇರುವವರು ಜಿಲ್ಲಾ ಕೇಂದ್ರದಲ್ಲಿರುತ್ತಾರೆ. ಅವರು ಬರುವವರೆಗೆ ಕನ್ನಡ ಕಾಯಬೇಕು. ಭದ್ರತೆಗಾಗಿ ಬೀಗ ಹಾಕುವುದು ಸರಿಯೇ. ಬೀಗ ಹಾಕುವ ಮೊದಲೇ ಕನ್ನಡವನ್ನು ಒಳಗೆ ಇಟ್ಟುಬಿಡಿ ಅಂತ ನಾನು ಕೇಳುತ್ತಿರುವುದು. ಕಂಪನಿಗಳನ್ನೇ ನಂಬಿ ಕೂರುವುದೂ ಆಗದು. ಎಷ್ಟೋ ಜನ ನೆಚ್ಚಿಕೊಂಡಿದ್ದ ಗೂಗಲ್ ಇನ್‌ಪುಟ್ ಟೂಲ್ಸ್‌ನ ವಿಂಡೋಸ್ ಆವೃತ್ತಿಯನ್ನು ಆ ಕಂಪನಿ ನಿಲ್ಲಿಸಿಬಿಟ್ಟಿತು.

ಇನ್ನು ಹಳೇ ಫಾಂಟ್‌ಗಳ ವಿಷಯ. ನನಗೆ ಎಲ್ಲಕ್ಕಿಂತ ಜಾಸ್ತಿ ಸಂಕಟ ಆಗುವುದು ಇದರಲ್ಲಿ.

ಸಹಕಾರ ಸಂಘದ ಕಾರ್ಯದರ್ಶಿಯೊಬ್ಬರು ಪೆನ್‌ಡ್ರೈವ್ ತಂದರು ಅಂದುಕೊಳ್ಳಿ. ಅದರಲ್ಲಿ ಹಳೆಯ ಸಭೆಯ ನಡಾವಳಿ ಇದೆ. ತೆರೆದರೆ ಒಂದಕ್ಷರ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೀಟು, ಚುಕ್ಕೆ, ಬಾಲ. ಅವರು ಫೈಲ್ ಕೆಟ್ಟುಹೋಯಿತು ಅಂತ ಗಾಬರಿಯಾಗುತ್ತಾರೆ. ಫೈಲ್ ಕೆಟ್ಟಿರುವುದಿಲ್ಲ. ಅದನ್ನು ‘ನುಡಿ 01 ಇ’ ಥರದ ಹಳೇ ಫಾಂಟ್‌ನಲ್ಲಿ ಬರೆದಿರುತ್ತಾರೆ. ಆ ಕಾಲದ ಫಾಂಟ್‌ನಲ್ಲಿ ಒಟ್ಟು 256 ಸ್ಥಾನ. ಅಷ್ಟರಲ್ಲೇ ನಮ್ಮ ಅಕ್ಷರ, ಕಾಗುಣಿತ, ಒತ್ತು ಎಲ್ಲವನ್ನೂ ತುಂಡು ಮಾಡಿ, ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆಗ ಬೇರೆ ದಾರಿ ಇರಲಿಲ್ಲ, ಮಾಡಿದವರು ಜಾಣರು. ಆದರೆ ಆ ಫೈಲ್ ಒಳಗೆ ನಿಜಕ್ಕೂ ಕನ್ನಡ ಇಲ್ಲ. ಫಾಂಟ್ ಇದ್ದರೆ ಕನ್ನಡದ ಹಾಗೆ ಕಾಣುತ್ತದೆ, ಅಷ್ಟೇ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಸ್ವಂತ ಜಾಗ ಸಿಕ್ಕಿದೆ. ವಿಂಡೋಸ್ ಎಕ್ಸ್‌ಪಿ ಬಂದಾಗ ಅದರ ಜೊತೆಗೇ ತುಂಗಾ ಅನ್ನುವ ಕನ್ನಡ ಫಾಂಟ್ ಬಂತು. ಇಷ್ಟಾದ ಮೇಲೂ ಕೆಲವು ಕಚೇರಿಗಳಿಂದ ಇವತ್ತಿಗೂ ಹೊಸ ಪತ್ರಗಳು ಹಳೇ ಫಾಂಟ್‌ನಲ್ಲೇ ಬರುತ್ತವೆ. ‘ನಮಗೆ ಅದೇ ರೂಢಿ’ ಅನ್ನುತ್ತಾರೆ.

ಯೂನಿಕೋಡ್‌ಗೆ ತಿರುಗಿಸುವ ಸಾಧನಗಳಿವೆ. ಸ್ವಯಂಸೇವಕರು ಪುಕ್ಕಟೆ ಮಾಡಿ ಕೊಟ್ಟಿದ್ದಾರೆ, ಅವರ ಋಣ ನನ್ನಂಥವರ ಮೇಲಿದೆ. ಆದರೆ ಎಚ್ಚರವಿಲ್ಲದೆ ತಿರುಗಿಸಿದರೆ ಅರ್ಕಾವತ್ತು ಕೈಕೊಡುತ್ತದೆ. ‘ಕರ್ನಾಟಕ’ ಅಂತ ಬರೆಯುವಾಗ ರ್ ಅನ್ನು ಮೊದಲು ಉಚ್ಚರಿಸುತ್ತೇವೆ, ಆದರೆ ಅದರ ಗುರುತನ್ನು ‘ನಾ’ ಆದ ಮೇಲೆ ಬಲಕ್ಕೆ ಹಾಕುತ್ತೇವೆ. ಹಳೇ ಫಾಂಟ್ ಕಣ್ಣಿಗೆ ಕಾಣುವ ಕ್ರಮದಲ್ಲಿ ಇಟ್ಟುಕೊಳ್ಳುತ್ತದೆ, ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ. ಈ ಅದಲುಬದಲು ಸರಿಯಾಗಿ ಆಗದಿದ್ದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ‘ಸೂರ್ಯ’ ಹೋಗಿ ‘ಸೂಯರ್’. ಅಂತರ್ಜಾಲದಲ್ಲಿ ಹುಡುಕಿ ನೋಡಿ, ‘ಕನಾರ್ಟಕ’ ಎಷ್ಟು ಕಡೆ ಸಿಗುತ್ತದೆ ಅಂತ. ರಾಜ್ಯದ ಹೆಸರಿಗೇ ಈ ಗತಿ ಬಂದರೆ ರೈತರೊಬ್ಬರ ಹೆಸರಿನ ಗತಿ ಏನು? ‘ಧರ್ಮಪ್ಪ’ ಅನ್ನುವವರು ದಾಖಲೆಯಲ್ಲಿ ‘ಧಮರ್ಪ್ಪ’ ಆದರೆ, ಕಂಪ್ಯೂಟರ್‌ನಲ್ಲಿ ಅವರ ಹೆಸರು ಹುಡುಕಿದವರಿಗೆ ಅವರು ಸಿಗುವುದೇ ಇಲ್ಲ. ಆಮೇಲೆ ಹೆಸರು ತಿದ್ದುಪಡಿಗೆ ಅಫಿಡವಿಟ್ ಮಾಡಿಸಲು ನನ್ನ ಅಂಗಡಿಗೇ ಬರುತ್ತಾರೆ. ಅಂಥ ಕೆಲಸದ ದುಡ್ಡು ನನಗೆ ಬೇಡ. ಅವರ ಒಂದು ದಿನದ ಕೂಲಿ ಅದಕ್ಕೇ ಹೋಗಿರುತ್ತದೆ.

ಇನ್ನೊಂದು ಮಾತು. ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಅಕ್ಷರ ಓದಿ ಹೇಳುವ ತಂತ್ರಾಂಶದಿಂದ. ಪುಕ್ಕಟೆ ಸಿಗುವ ಎನ್‌ವಿಡಿಎ ಕನ್ನಡವನ್ನೂ ಓದುತ್ತದೆ, ಬರಹ ಯೂನಿಕೋಡ್‌ನಲ್ಲಿ ಇದ್ದರೆ ಮಾತ್ರ. ಹಳೇ ಫಾಂಟ್‌ನ ಪತ್ರವನ್ನು ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಒದರುತ್ತದೆ. ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ಹಾಕಿದ ಆದೇಶವಾದರೆ ಅದರಲ್ಲಿ ಓದಲು ಏನೂ ಸಿಗುವುದಿಲ್ಲ, ಅದು ಬರೀ ಫೋಟೋ. ಪಿಂಚಣಿಯ ಆದೇಶ ತನಗೆ ಸಂಬಂಧಿಸಿದ್ದೋ ಅಲ್ಲವೋ ಅಂತ ತಿಳಿಯಲು ಅವರು ಇನ್ನೊಬ್ಬರ ಕಣ್ಣು ಬೇಡಬೇಕು.

ಪ್ರೆಸ್‌ನವರು ಹಳೇ ಫಾಂಟ್ ಬಿಡುವುದಿಲ್ಲ ಅಂತ ನಿಮಗೆ ಯಾರಾದರೂ ಹೇಳಬಹುದು. ನಿಜ. ಅಚ್ಚಿಗೆ ಪುಟ ಜೋಡಿಸುವ ಹಳೇ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ, ಲಗ್ನಪತ್ರಿಕೆಗೆ ನಾನೂ ಹಳೇ ಫಾಂಟನ್ನೇ ಬಳಸುತ್ತೇನೆ. ಲಗ್ನಪತ್ರಿಕೆ ಅಚ್ಚಾಗಿ ಹಂಚಿದರೆ ಅದರ ಕೆಲಸ ಮುಗಿಯಿತು. ಸರ್ಕಾರದ ಕಡತ ಹಾಗಲ್ಲ. ಅದನ್ನು ಇಪ್ಪತ್ತು ವರ್ಷ ಬಿಟ್ಟು ಯಾರೋ ಹುಡುಕಿಕೊಂಡು ಬರುತ್ತಾರೆ.

ಆದ್ದರಿಂದ ಟೆಂಡರ್‌ನ ಆ ಎರಡು ಸಾಲಿನಲ್ಲಿ ಹೀಗೆ ಬರೆಸಿ: ಕಂಪ್ಯೂಟರ್ ಕೈಗೆ ಬರುವಾಗಲೇ ಕಗಪ ಮತ್ತು ಇನ್‌ಸ್ಕ್ರಿಪ್ಟ್ ಎರಡೂ ಚಾಲೂ ಇರಬೇಕು, ಕೀಲಿಗಳ ಮೇಲೆ ಇಂಗ್ಲಿಷ್ ಪಕ್ಕದಲ್ಲಿ ಕಗಪದ ಕನ್ನಡ ಅಕ್ಷರ ಅಚ್ಚಾಗಿರಬೇಕು. ಈಗಾಗಲೇ ಇರುವ ಕೀಲಿಮಣೆಗೆ ಅಂಟಿಸುವ ಅಕ್ಷರದ ಸ್ಟಿಕ್ಕರ್ ಸಾಕು, ದೊಡ್ಡ ಖರ್ಚಲ್ಲ. ಕೀಲಿಯ ಮೇಲೆ ‘ಕ’ ಕಂಡರೆ ಹೆದರಿಕೆ ಅರ್ಧ ಹೋಗುತ್ತದೆ, ನನ್ನ ಅಂಗಡಿಯ ಕೀಲಿಮಣೆಗೆ ಅಂಟಿಸಿದ ಮೇಲೆ ಇದನ್ನು ಕಣ್ಣಾರೆ ನೋಡುತ್ತಿದ್ದೇನೆ. ಮೊದಲು ‘ನೀವೇ ಹೊಡೆದುಕೊಡಿ ಅಣ್ಣಾ’ ಅನ್ನುತ್ತಿದ್ದ ಕಾಲೇಜು ಹುಡುಗಿಯರು ಈಗ ‘ಸ್ವಲ್ಪ ಜಾಗ ಬಿಡಿ, ನಾನೇ ಹೊಡೀತೀನಿ’ ಅನ್ನುತ್ತಾರೆ.

ಕಚೇರಿಗಳಿಗೆ ಒಂದು ದಿನಾಂಕ ಗೊತ್ತು ಮಾಡಿ. ಅದಾದ ಮೇಲೆ ಹಳೇ ಫಾಂಟ್‌ನ ಕಡತ ಮುಂದಕ್ಕೆ ಹೋಗಬಾರದು. ಆದರೆ ಸುಮ್ನೆ ಸುತ್ತೋಲೆ ಹೊರಡಿಸಿ ಬಿಡಬೇಡಿ. ರೂಢಿ ಬದಲಿಸಿಕೊಳ್ಳಬೇಕಾದ ಹಿರಿಯ ಸಿಬ್ಬಂದಿಯ ಪಕ್ಕ ಯಾರಾದರೂ ಕೂತು ಹೇಳಿಕೊಡಬೇಕು. ಬೈಸಿಕೊಂಡು ಕಲಿಯುವ ವಯಸ್ಸಲ್ಲ ಅವರದು. ಹಳೇ ದಾಖಲೆಗಳನ್ನು ತಿರುಗಿಸಲು ಹಣ ಇಡಿ, ಅರ್ಕಾವತ್ತು ಬಂದ ಹೆಸರುಗಳನ್ನು ಮನುಷ್ಯರೇ ಒಂದು ಸಲ ಓದಿ ನೋಡಲಿ.

ಶಾಲೆಗಳ ವಿಷಯವನ್ನು ಶಿಕ್ಷಣ ಸಚಿವರ ಜೊತೆ ಮಾತಾಡಬೇಕಾಗುತ್ತದೆ. ನಾನು ನೋಡಿದ ಪ್ರೌಢಶಾಲೆಗಳ ಕಂಪ್ಯೂಟರ್ ಲ್ಯಾಬ್‌ನಲ್ಲಿ ಮಕ್ಕಳು ತಮ್ಮ ಹೆಸರನ್ನು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಬಣ್ಣ ಹಚ್ಚುತ್ತಾರೆ. ವಾರಕ್ಕೆ ಒಂದು ಪೀರಿಯಡ್ ಹತ್ತು ಬೆರಳಲ್ಲಿ ಕನ್ನಡ ಹೊಡೆಯುವುದನ್ನು ಕಲಿಸಿದರೆ, 10ನೇ ಕ್ಲಾಸು ಮುಗಿಸುವ ಹೊತ್ತಿಗೆ ತಮ್ಮ ಅರ್ಜಿ ತಾವೇ ಬರೆದುಕೊಳ್ಳುತ್ತಾರೆ. ನನ್ನ ಅಂಗಡಿಗೆ ಗಿರಾಕಿ ಕಡಿಮೆ ಆಗಬಹುದು. ಆಗಲಿ.

1963ರಿಂದ ಕನ್ನಡ ಈ ರಾಜ್ಯದ ಆಡಳಿತ ಭಾಷೆ ಅಂತ ಕಾನೂನಿದೆ. ಆಡಳಿತ ಈಗ ನಡೆಯುವುದು ಡೆಸ್ಕ್‌ಟಾಪ್ ಮೇಲೆ. ಮುಂದಿನ ಸಲ ನಿಮ್ಮ ಇಲಾಖೆಯ ಕಂಪ್ಯೂಟರ್ ಖರೀದಿ ಕಡತ ನಿಮ್ಮ ಮುಂದೆ ಬಂದಾಗ, ಸಹಿ ಹಾಕುವ ಮೊದಲು ಅದರಲ್ಲಿ ಕೀಲಿಮಣೆಯ ಬಗ್ಗೆ ಏನು ಬರೆದಿದೆ ಅಂತ ಓದಿ. ಏನೂ ಇಲ್ಲದಿದ್ದರೆ ವಾಪಸ್ ಕಳಿಸಿ.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ಸ್ಕ್ಯಾನ್ ಮಾಡಿದ ಕಾಗದದಲ್ಲಿ ಬೇಡ, ಯೂನಿಕೋಡ್ ಅಕ್ಷರದಲ್ಲೇ ಕಳಿಸಿ. ನಮ್ಮೂರಲ್ಲಿ ಎನ್‌ವಿಡಿಎಯಲ್ಲಿ ಓದುವವರೂ ಅದಕ್ಕೆ ಕಾಯುತ್ತಿರುತ್ತಾರೆ.

ಇಂತಿ ನಿಮ್ಮ ವಿಶ್ವಾಸಿ,
ತಾಲ್ಲೂಕು ಕಚೇರಿ ಎದುರಿನ ಡಿ.ಟಿ.ಪಿ. ಅಂಗಡಿಯವನು