ಚಿತ್ರಕಲೆ ಪಿರಿಯಡ್ ಯಾರದ್ದು?

ಮಾನ್ಯ ಸಂಪಾದಕರೇ,

ನಾನು ಬೆಂಗಳೂರಿನ ಹೈಸ್ಕೂಲೊಂದರ ಚಿತ್ರಕಲಾ ಶಿಕ್ಷಕಿ. ವಾರಕ್ಕೆ ಸಿಗುವುದು 2 ಪಿರಿಯಡ್. ಡಿಸೆಂಬರ್ ಬಂತೆಂದರೆ ಅದೂ ಗಣಿತಕ್ಕೆ. ‘ಸುಮ್ನೆ ಚಿತ್ರ ತಾನೇ ಮೇಡಂ?’ ಎನ್ನುತ್ತಲೇ ಗಣಿತದವರು ಒಳಗೆ ಬಂದುಬಿಡುತ್ತಾರೆ. 60 ಮಕ್ಕಳಿಗೆ ಒಂದೇ ನಲ್ಲಿ. ಬ್ರಷ್ ತೊಳೆಯುವಷ್ಟರಲ್ಲಿ ಬೆಲ್.

ಮೊನ್ನೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಹಸಿರು ಖಾಲಿಯಾಯಿತೆಂದು ನೀಲಿ, ಹಳದಿ ಬೆರೆಸಿ ಹೊಂಗೆ ಎಲೆ ಬರೆದ. ಚಿಗುರಿಗೆ ಹಳದಿ ಜಾಸ್ತಿ, ಬಲಿತ ಎಲೆಗೆ ನೀಲಿ. ಹೇಳಿಕೊಟ್ಟಿದ್ದು ನಾನಲ್ಲ, ಕಿಟಕಿಯಾಚೆಯ ಮರ.

ಇಂಥವರನ್ನು ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಕರೆದೊಯ್ಯುತ್ತೇನೆಂದರೆ ‘ಪರೀಕ್ಷೆ ಹತ್ತಿರ ಬಂತು’ ಎಂಬ ಉತ್ತರ. ಸಂತೆ ಇರುವುದು ಭಾನುವಾರ, ಅಲ್ವಾ?

ನಮ್ಮ ಪಿರಿಯಡ್ ಯಾರೂ ಮುಟ್ಟದಂತೆ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಲಿ. ಸಾಧ್ಯವಾದರೆ ಇನ್ನೊಂದು ನಲ್ಲಿಯನ್ನೂ ಹಾಕಿಸಲಿ.

– ಚಿತ್ರಕಲಾ ಶಿಕ್ಷಕಿ, ಬೆಂಗಳೂರು