ಹಳೆ ಮನೆಗೆ ಸಹಿ ಹಾಕುವ ಮುಂಚೆ ನೆಲದಡಿ ನೋಡಿ

ಸಂಪಾದಕರಿಗೆ ನಮಸ್ಕಾರ.

ನೆದರ್ಲೆಂಡ್ಸ್‌ನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಈಗ ಮನೆ ಕೊಳ್ಳುವ ಮಾತೇ ಜಾಸ್ತಿ. ಸಾಲ ಎಷ್ಟು ಸಿಗುತ್ತದೆ, ಬಡ್ಡಿ ಎಷ್ಟು, ಕೇಳಿದ ಬೆಲೆಯ ಮೇಲೆ ಇನ್ನೆಷ್ಟು ಸೇರಿಸಬೇಕು. ಮನೆಯ ನೆಲದ ಹಲಗೆ ಕೆಳಗೆ ಏನಿದೆ ಅಂತ ಕೇಳುವವರು ಕಡಿಮೆ. ನಾವೂ ಕೇಳಲಿಲ್ಲ. ಊರಿಂದ ಮಕ್ಕಳ ಮನೆಗೆ ಅಂತ ಹಣ ಕಳಿಸುವ ಅಪ್ಪ ಅಮ್ಮಂದಿರೂ ಓದಲಿ ಅಂತ ನಿಮ್ಮ ಪತ್ರಿಕೆಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಯುಟ್ರೆಕ್ಟ್ ನಗರದ ಲೊಂಬೊಕ್‌ನಲ್ಲಿದೆ, ದೊಡ್ಡ ರೈಲು ನಿಲ್ದಾಣದ ಪಶ್ಚಿಮಕ್ಕೆ. ಅಲ್ಲಿಯ ಎಷ್ಟೋ ಬೀದಿಗಳಿಗೆ ಇಂಡೋನೇಷ್ಯಾದ ದ್ವೀಪಗಳ ಹೆಸರು, ಡಚ್ಚರು ಆಳುತ್ತಿದ್ದ ಕಾಲದ್ದು. ಕನಾಲ್‌ಸ್ಟ್ರಾಟ್ ಅನ್ನುವ ಮುಖ್ಯ ಬೀದಿಯಲ್ಲಿ ಟರ್ಕಿ, ಮೊರಾಕ್ಕೊ ಮೂಲದವರ ತರಕಾರಿ ಅಂಗಡಿಗಳು. ಬೆಂಡೆಕಾಯಿ ಆರಿಸಿ ತಗೊಳ್ಳಬಹುದು, ಕೊತ್ತಂಬರಿ ದೊಡ್ಡ ಕಟ್ಟಿನಲ್ಲೇ ಸಿಗುತ್ತದೆ. ನಾನು ಮೈಸೂರಿನ ಅಗ್ರಹಾರದಲ್ಲಿ ಬೆಳೆದವನು. ಪಕ್ಕದ ಮನೆಯ ಗೋಡೆಯೇ ನಮ್ಮ ಗೋಡೆ, ಅವರ ಮನೆಯ ಒಗ್ಗರಣೆ ಸದ್ದು ನಮಗೆ ಕೇಳಬೇಕು. ಹಾಗಾಗಿ 1910ರ ಸುಮಾರಿನ ಆ ಇಟ್ಟಿಗೆಯ ಸಾಲುಮನೆ, ಅದರ ಬಾಗಿಲ ಮೇಲಿನ ಬಣ್ಣದ ಗಾಜು, ಏಣಿಯ ಹಾಗೆ ನೆಟ್ಟಗೆ ಹತ್ತುವ ಮೆಟ್ಟಿಲು, ಎಲ್ಲ ನೋಡಿ ಅವತ್ತೇ ಮನಸ್ಸು ಸೋತೆವು.

ಬೆಲೆ ಕೂಗುವಾಗ ಮಾರುವವರ ಕಡೆಯ ಏಜೆಂಟ್ ಒಂದು ಮಾತು ಹೇಳಿದರು: ಕಟ್ಟಡದ ತಪಾಸಣೆ ಆಗಬೇಕು ಅಂತ ಷರತ್ತು ಹಾಕಿದರೆ ಮನೆ ಬೇರೆಯವರ ಪಾಲಾಗುತ್ತದೆ. ಹೆದರಿ ಷರತ್ತು ಬಿಟ್ಟೆವು. 2018ರಿಂದ ಇಲ್ಲಿ ಸಾಮಾನ್ಯವಾಗಿ ಬ್ಯಾಂಕು ಮನೆಯ ಮೌಲ್ಯದ 100 ಪರ್ಸೆಂಟಿಗಿಂತ ಹೆಚ್ಚು ಸಾಲ ಕೊಡುವುದಿಲ್ಲ. ಅದರ ಮೇಲೆ ಕೂಗಿದ್ದೆಲ್ಲ ನಮ್ಮ ಕೈಯಿಂದ. ವರ್ಗಾವಣೆ ತೆರಿಗೆ, ನೋಟರಿ ಖರ್ಚು ಬೇರೆ. ಅಲ್ಲಿಗೆ ಉಳಿತಾಯ ಖಾಲಿ.

ಮೊದಲ ಚಳಿಗಾಲದಲ್ಲೇ ಮುಂದಿನ ಕೋಣೆಯಲ್ಲಿ ಮುಗ್ಗಲು ವಾಸನೆ ಶುರುವಾಯಿತು. ಕಿಟಕಿ ಹತ್ತಿರ ಕಾಲಿಟ್ಟರೆ ನೆಲ ಸ್ವಲ್ಪ ಕುಸಿದ ಹಾಗೆ. ಇಂಥ ಮನೆಗಳಲ್ಲಿ ಮರದ ನೆಲದ ಕೆಳಗೆ ತೆವಳಿಕೊಂಡು ಹೋಗುವಷ್ಟು ಜಾಗ ಇರುತ್ತದೆ, ಅದರ ಮುಚ್ಚಳ ಸಾಮಾನ್ಯವಾಗಿ ಮುಂಬಾಗಿಲ ಕಾಲೊರಸಿನ ಅಡಿಯಲ್ಲಿ. ಒಂದು ಶನಿವಾರ ಅದನ್ನು ಎತ್ತಿ ಟಾರ್ಚ್ ಹಿಡಿದು ಇಳಿದೆ. ಬೀದಿ ಕಡೆಯ ಗೋಡೆಯೊಳಗೆ ಕೂತ ತೊಲೆಗಳ ತುದಿ ಲಡ್ಡು ಹಿಡಿದಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು, ಬೇಯಿಸಿದ ಗೆಣಸಿಗೆ ಇಳಿದ ಹಾಗೆ. ಕಾರಣ ಏನು ಗೊತ್ತಾ? ಗೋಡೆಯ ಬುಡದಲ್ಲಿ ಗಾಳಿಯಾಡಲಿ ಅಂತ ಬಿಟ್ಟಿದ್ದ ಕಿಂಡಿಗಳನ್ನು ಚಳಿ ಬರುತ್ತದೆ ಅಂತ ಯಾರೋ ಸಿಮೆಂಟ್ ಹಾಕಿ ಮುಚ್ಚಿಬಿಟ್ಟಿದ್ದರು. ಕೆಳಗಿನ ತೇವ ಹೋಗಲು ದಾರಿಯೇ ಇರಲಿಲ್ಲ. ತೊಲೆ ಬದಲಾಯಿಸಲು ಸಾಲ ಮಾಡಿದೆವು, ಮಗಳ ಜೊತೆ ಎರಡು ತಿಂಗಳು ಮೇಲಿನ ಕೋಣೆಯಲ್ಲೇ ಸಂಸಾರ.

ಮಾರಿದವರನ್ನು ಕೇಳಬಹುದಲ್ವಾ ಅಂತ ತುಂಬ ಜನ ಹೇಳಿದರು. ಆದರೆ ಹಳೆ ಮನೆಯ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಕಲಮು ಇರುತ್ತದೆ: ಮನೆಗೆ ಇಷ್ಟು ವಯಸ್ಸಾಗಿದೆ, ಹೊಸ ಮನೆಯ ಗುಣಮಟ್ಟ ನಿರೀಕ್ಷಿಸಬೇಡಿ ಅಂತ. ಅದಿದ್ದರೆ ಇಂಥ ದೋಷದ ಹೊರೆ ಬಹುಪಾಲು ಕೊಂಡವರ ಮೇಲೆ. ನಾವು ಅದನ್ನು ಸರಿಯಾಗಿ ಓದದೆ ಸಹಿ ಹಾಕಿದ್ದೆವು.

ನನಗೆ ಆಗ ಗೊತ್ತಿದ್ದೂ ಬಳಸದೆ ಬಿಟ್ಟ ವಿಷಯ ಒಂದಿದೆ. ಇಲ್ಲಿಯ ಕಾನೂನಿನ ಪ್ರಕಾರ, ಇಬ್ಬರೂ ಸಹಿ ಮಾಡಿದ ಕರಾರಿನ ಪ್ರತಿ ಕೈಗೆ ಬಂದ ಮೇಲೆ, ವಾಸಕ್ಕೆ ಮನೆ ಕೊಳ್ಳುವವರಿಗೆ ಮೂರು ದಿನ ಯೋಚಿಸಲು ಅವಕಾಶ ಇದೆ. ಅದಕ್ಕೆ ಬೆಡೆಂಕ್‌ಟೈಟ್ ಅನ್ನುತ್ತಾರೆ. ಅದರಲ್ಲಿ ಎರಡು ದಿನವಾದರೂ ರಜೆ ಅಲ್ಲದ ದಿನ ಆಗಿರಬೇಕು. ಅಷ್ಟರೊಳಗೆ ಕಾರಣ ಕೊಡದೆ, ದಂಡ ಕಟ್ಟದೆ ಹಿಂದೆ ಸರಿಯಬಹುದು. ಷರತ್ತು ಹಾಕಲು ಆಗದಿದ್ದರೂ ಆ ಮೂರು ದಿನದಲ್ಲಿ ತಪಾಸಣೆಯವರನ್ನು ಕರೆಸಿ. ಸಹಿ ಹಾಕುವ ಮುಂಚೆಯೇ ಅವರ ಸಮಯ ಗೊತ್ತು ಮಾಡಿಟ್ಟುಕೊಳ್ಳಿ, ಸಹಿ ಆದ ಮೇಲೆ ಹುಡುಕಿದರೆ ದಿನ ಮುಗಿದುಹೋಗುತ್ತದೆ.

ತಳಪಾಯ ಯಾವ ಥರದ್ದು ಅಂತಲೂ ಕೇಳಿ. ನಮ್ಮ ಕಾಗದದಲ್ಲಿ 'ಒಪ್ ಸ್ಟಾಲ್' ಅಂತ ಇತ್ತು. ಸ್ಟಾಲ್ ಅಂದರೆ ಡಚ್ಚಿನಲ್ಲಿ ಉಕ್ಕು, ಹಾಗಾಗಿ ಉಕ್ಕಿನ ತಳಪಾಯ ಅಂತ ನೆಮ್ಮದಿಯಾಗಿದ್ದೆ. ಅಲ್ಲ, ಕಂಬ ಇಳಿಸದೆ ಗಟ್ಟಿ ನೆಲದ ಮೇಲೆ ನೇರವಾಗಿ ಗೋಡೆ ಎಬ್ಬಿಸಿದ್ದಾರೆ ಅಂತ ಅರ್ಥ. ರೋಟರ್‌ಡ್ಯಾಮ್, ಆಮ್‌ಸ್ಟರ್‌ಡ್ಯಾಮ್, ಝಾನ್‌ಡಾಮ್ ಕಡೆ ಹಳೆ ಮನೆಗಳು ಹೆಚ್ಚಾಗಿ ಮರದ ಕಂಬಗಳ ಮೇಲೆ ನಿಂತಿವೆ. ಅಂತರ್ಜಲ ಇಳಿದು ಕಂಬದ ತಲೆಗೆ ಗಾಳಿ ತಾಗಿದರೆ ಅದು ಕೊಳೆಯುತ್ತದೆ. ಸಾಲುಮನೆಯಲ್ಲಿ ನಿಮ್ಮದೊಂದನ್ನೇ ರಿಪೇರಿ ಮಾಡಿಸುವುದು ಕಷ್ಟ, ಅಕ್ಕಪಕ್ಕದವರೂ ಒಪ್ಪಿ ದುಡ್ಡು ಹಾಕಬೇಕು. ಅದಕ್ಕೇ ಮನೆ ನೋಡಲು ಹೋದಾಗ ಪಕ್ಕದ ಬಾಗಿಲನ್ನೂ ತಟ್ಟಿ. ನಮ್ಮ ಪಕ್ಕದ ಅಜ್ಜಿಗೆ ಆ ಮುಚ್ಚಿದ ಕಿಂಡಿಗಳ ಕಥೆಯೆಲ್ಲ ಗೊತ್ತಿತ್ತು, ನಾವು ಕೇಳಿದ್ದರೆ ಅವತ್ತೇ ಹೇಳುತ್ತಿದ್ದರು.

ಈ ಬೀದಿ ಬಿಟ್ಟು ಹೋಗುವ ಯೋಚನೆ ನಮಗಿಲ್ಲ. ಮನೆ ಈಗ ಒಣಗಿದೆ, ಕಿಂಡಿಗಳು ತೆರೆದಿವೆ. ನಿಮ್ಮ ಓದುಗರಲ್ಲಿ ಯಾರಾದರೂ ಈ ವಾರ ಇಲ್ಲಿ ಮನೆ ನೋಡಲು ಹೋಗುವವರಿದ್ದರೆ ಜೇಬಿನಲ್ಲೊಂದು ಟಾರ್ಚ್ ಇಟ್ಟುಕೊಳ್ಳಿ, ಕಾಲೊರಸನ್ನು ಸರಿಸಿ ಮುಚ್ಚಳ ತೆಗೆಸಿ. ತೆಗೆಯಲು ಬಿಡದಿದ್ದರೆ ಆ ಮನೆಗೆ ಬೆಲೆ ಕೂಗಬೇಡಿ.

ನಿಮ್ಮ ಓದುಗ,
ಲೊಂಬೊಕ್, ಯುಟ್ರೆಕ್ಟ್