ಗಾಯರಾಣ ಉಳಿದರೆ ತೋಳ ಉಳಿದೀತು

ಮಾನ್ಯ ಸಂಪಾದಕರೇ,

ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ಸುಮಾರು 332 ಹೆಕ್ಟೇರ್ ಪ್ರದೇಶವನ್ನು ತೋಳಧಾಮವೆಂದು ಸರ್ಕಾರ ಘೋಷಿಸಿರುವುದು ಸ್ವಾಗತಾರ್ಹ. ಆದರೆ 332 ಹೆಕ್ಟೇರ್ ಎಂದರೆ ಮೂರೂವರೆ ಚದರ ಕಿಲೋಮೀಟರಿಗೂ ಕಡಿಮೆ. ತೋಳದ ಒಂದು ಗುಂಪು ಬೇಟೆಗಾಗಿ ಅದರ ಹತ್ತಾರು ಪಟ್ಟು ನೆಲವನ್ನು ಸುತ್ತುತ್ತದೆ. ಹೀಗಾಗಿ ಧಾಮದಾಚೆಯ ತೋಳಗಳ ಗತಿಯೇನು ಎಂಬ ಪ್ರಶ್ನೆ ನಮ್ಮ ಕಲಬುರಗಿ ಜಿಲ್ಲೆಗೂ ಸೇರಿದ್ದು.

ಚಿಂಚೋಳಿಯಲ್ಲಿ 2011ರಿಂದ ವನ್ಯಜೀವಿ ಧಾಮವಿದೆ. ಆದರೆ ತೋಳ ದಟ್ಟ ಕಾಡಿಗಿಂತ ಬಯಲನ್ನೇ ಮೆಚ್ಚುವ ಪ್ರಾಣಿ. ಮಡ್ಡಿ (ಕಲ್ಲುಮಿಶ್ರಿತ ಬರಡು ನೆಲ), ಗಾಯರಾಣ (ಊರಿನ ದನಕುರಿ ಮೇಯುವ ಸಾರ್ವಜನಿಕ ಬಯಲು), ಹಳ್ಳದ ದಂಡೆ, ತೊಗರಿ ಕೊಯ್ದ ಹೊಲ, ಇವೇ ಅದರ ಓಡಾಟದ ಜಾಗಗಳು. ಚಳಿಗಾಲದಲ್ಲಿ ಅದು ಮರಿ ಹಾಕುವುದೂ ಇಂಥ ಮಡ್ಡಿಯ ಬಿಲಗಳಲ್ಲೇ. ದುರದೃಷ್ಟವೆಂದರೆ ನಮ್ಮ ದಾಖಲೆಗಳಲ್ಲಿ ಇವೆಲ್ಲ 'ಪಾಳು ಭೂಮಿ'. ಹಾಗಾಗಿ ಕಲ್ಲುಗಣಿಗೋ ಸೌರಫಲಕಗಳಿಗೋ ಕೊಡಲು ಯಾರೂ ಹಿಂದುಮುಂದು ನೋಡುವುದಿಲ್ಲ. ಹಸಿರೀಕರಣದ ಹೆಸರಿನಲ್ಲಿ ಹುಲ್ಲುಗಾವಲಿಗೆ ಸಸಿ ನೆಡುವುದೂ (ಒಳ್ಳೆಯ ಮನಸ್ಸಿನಿಂದಲೇ ಇರಬಹುದು) ತೋಳಕ್ಕೆ ಅಷ್ಟೇ ಮಾರಕ.

ಕಳೆದ ಮಾಘದಲ್ಲಿ ಹೊಲದಲ್ಲಿ ಕುರಿ ತರುಬಿದ್ದ ಹಿರಿಯರೊಬ್ಬರು ಹಸಿ ಮಣ್ಣಿನ ಮೇಲೆ ಮೂಡಿದ್ದ ಹೆಜ್ಜೆಗಳನ್ನು ಕೋಲಿನಿಂದ ತೋರಿಸಿ, "ತ್ವಾಳ ತನ್ನ ಪಾಲು ಒಯ್ತದ್ರಿ, ಅದ್ರದೇನೂ ತಪ್ಪಿಲ್ಲ. ಆದ್ರ ಸತ್ತ ಕುರಿ ತೋರ್ಸು ಅಂದ್ರ ಎಲ್ಲಿಂದ ತರ್ಲಿ?" ಎಂದರು. ಮರಿಯನ್ನು ತೋಳ ಕಚ್ಚಿಕೊಂಡೇ ಹೋಗಿತ್ತು. ಕಳೇಬರವಿಲ್ಲವೆಂದು ಪರಿಹಾರದ ಅರ್ಜಿ ಬಿದ್ದುಹೋಗಿತ್ತು. ಇಷ್ಟಾದರೂ ಅವರು ವಿಷವಿಡಲಿಲ್ಲ, ಬಿಲಕ್ಕೆ ಹೊಗೆ ಹಾಕಲಿಲ್ಲ. ಎಲ್ಲರಿಗೂ ಇಷ್ಟು ಸಹನೆ ಇದ್ದೀತೆಂದು ನಂಬಿ ಕೂರುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪ್ರಾಣಿಗಳ ಪಟ್ಟಿಯಲ್ಲಿ, ತೋಳವಿದೆ ನಿಜ, ಆದರೆ ಕಾಯ್ದೆ ಕುರಿ ಹಟ್ಟಿಯವರೆಗೆ ನಡೆದು ಬರುವುದಿಲ್ಲ.

ಬೀದಿನಾಯಿಗಳದ್ದು ಮತ್ತೊಂದು ಕಾಟ. ಅವುಗಳಿಂದ ರೇಬೀಸ್, ಡಿಸ್ಟೆಂಪರ್ ರೋಗಗಳು ತೋಳಗಳಿಗೆ ತಗಲುತ್ತವೆ. ಪುಣೆಯ ಬಳಿ ನಾಯಿ–ತೋಳದ ಮಿಶ್ರತಳಿ ಇರುವುದು ವಂಶವಾಹಿ ಪರೀಕ್ಷೆಯಿಂದಲೇ ಖಚಿತವಾಗಿದೆ. ಹಳ್ಳಿಯ ನಾಯಿಗಳಿಗೆ ಲಸಿಕೆ, ಸಂತಾನಹರಣ ಮಾಡಿಸಿದರೆ ತೋಳಕ್ಕೂ ಜನರಿಗೂ ಉಪಯೋಗ.

ಆದ್ದರಿಂದ ಕಳೇಬರ ಸಿಗದಿದ್ದಾಗ ಹೆಜ್ಜೆಗುರುತು, ರಕ್ತದ ಕಲೆ ಮತ್ತು ನೆರೆಯ ಕುರಿಗಾರರ ಹೇಳಿಕೆಯ ಆಧಾರದಲ್ಲಿ ಸ್ಥಳ ಪಂಚನಾಮೆ ನಡೆಸಿ ಪರಿಹಾರ ನೀಡಬೇಕು. ಬಿಲಗಳಿರುವ ಗಾಯರಾಣಗಳನ್ನು ಗುರುತಿಸಿ, ಅವುಗಳನ್ನು ಅನ್ಯ ಉದ್ದೇಶಕ್ಕೆ ಕೊಡುವ ಮುನ್ನ ಅರಣ್ಯ ಇಲಾಖೆಯ ಅಭಿಪ್ರಾಯ ಪಡೆಯುವಂತೆ ಜಿಲ್ಲಾಡಳಿತ ಆದೇಶಿಸಬೇಕೆಂದು ವಿನಂತಿಸುತ್ತೇನೆ.

– ಓದುಗ, ಚಿಂಚೋಳಿ, ಕಲಬುರಗಿ ಜಿಲ್ಲೆ